ಮೇಲು ಯಾವ ಕಡೆ? ಗುಹೆಯ ನೀರಿನಲ್ಲಿ ತಲೆಕೆಳಗಾಗುವ ಮೀನುಗಳು

(ಬೀದರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಝರಣಿ ನರಸಿಂಹನ ಗುಹೆಗೆ ಹೋಗದವರು ಯಾರೂ ಇರಲಿಕ್ಕಿಲ್ಲ. ಸುಮಾರು 300 ಮೀಟರ್ ಸುರಂಗ, ಸೊಂಟದಿಂದ ಎದೆಯವರೆಗೆ ನೀರು, ತಲೆ ಮೇಲೆ ಬಾವಲಿಗಳು, ಹೆಗಲ ಮೇಲೆ ಮಕ್ಕಳು. ಕರೆಂಟ್ ದೀಪ ಇರುವುದರಿಂದ ಧೈರ್ಯವಾಗಿ ಹೋಗಿ ಬರುತ್ತೇವೆ. ಈಗ ಆ ದೀಪಗಳನ್ನೆಲ್ಲ ಆರಿಸಿಬಿಡಿ. ನೀರು ಏರಿ ಛಾವಣಿಗೇ ಮುಟ್ಟಿದೆ ಅಂತ ಇಟ್ಟುಕೊಳ್ಳಿ. ತಲೆ ಎತ್ತಿ ಉಸಿರಾಡಲು ಜಾಗವೇ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್, ಕೈಯಲ್ಲಿ ಟಾರ್ಚ್. ಹೀಗೆ ಒಳಗೆ ಈಜಿಕೊಂಡು ಹೋಗುವುದಕ್ಕೆ ಕೇವ್ ಡೈವಿಂಗ್ ಅನ್ನುತ್ತಾರೆ.

ನಾನು ಡೈವರ್ ಅಲ್ಲ. ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಆದರೆ ಗುಹೆಗೆ ಇಳಿಯುವವರು ಹೇಳುವ ಮೀನಿನ ಸುದ್ದಿ ಎಲ್ಲಿ ಸಿಕ್ಕರೂ ಬಿಡುವುದಿಲ್ಲ. ಅವರ ಕೆಲಸದ ಕಟ್ಟುನಿಟ್ಟು ಬೇರೆಯದೇ. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಒಳಗೆ ಹೋಗಲು, ಇನ್ನೊಂದು ಪಾಲು ವಾಪಸ್ ಬರಲು, ಉಳಿದದ್ದು ಆಪತ್ತಿಗೆ. ಒಬ್ಬೊಬ್ಬರ ಹತ್ತಿರ ಕನಿಷ್ಠ ಮೂರು ದೀಪ. ಗುಹೆಯ ಬಾಯಿಯಿಂದ ಕೊನೆಯವರೆಗೆ ಬಿಗಿದ ಹಗ್ಗ, ಯಾಕೆಂದರೆ ಕಾಲು ತಾಗಿ ಹೂಳು ಎದ್ದರೆ ಮುಗಿಯಿತು, ದೀಪ ಇದ್ದೂ ಏನೂ ಕಾಣುವುದಿಲ್ಲ. ಇಷ್ಟೆಲ್ಲ ಎಚ್ಚರದಲ್ಲಿ ಹೋಗುವವರು ಮೀನು ನೋಡುತ್ತ ನಿಲ್ಲುವುದೇ ಅಪರೂಪ. ಆದರೂ ಒಂದು ದೃಶ್ಯ ನೋಡಿ ನಿಲ್ಲುತ್ತಾರೆ. ಛಾವಣಿಯ ಕೆಳಗೆ, ಹೊಟ್ಟೆಯನ್ನು ಕಲ್ಲಿನ ಕಡೆಗೆ, ಬೆನ್ನನ್ನು ಕೆಳಗೆ ಮಾಡಿಕೊಂಡು ಆರಾಮವಾಗಿ ಈಜುವ ಮೀನು.

ಕೆರಿಬಿಯನ್ ಸಮುದ್ರದ ರಾಯಲ್ ಗ್ರಾಮಾ ಎಂಬ ಮೀನು ಇದಕ್ಕೆ ಹೆಸರುವಾಸಿ. ಬೆರಳುದ್ದ, ಎಂಟು ಸೆಂಟಿಮೀಟರ್ ಒಳಗೇ. ಮುಂದಿನ ಅರ್ಧ ನೇರಳೆ, ಹಿಂದಿನ ಅರ್ಧ ಹಳದಿ. ಹವಳದ ಬಂಡೆಯ ಗುಹೆಗಳಲ್ಲಿ, ಚಾಚುಗಲ್ಲುಗಳ ಅಡಿಯಲ್ಲಿ ವಾಸ. ನೆಲದ ಹತ್ತಿರ ಇದ್ದಾಗ ಎಲ್ಲ ಮೀನಿನಂತೆ ನೆಟ್ಟಗೆ. ಗೋಡೆಯ ಪಕ್ಕ ಬಂದರೆ ಹೊಟ್ಟೆ ಗೋಡೆಗೆ. ಛಾವಣಿಯ ಹತ್ತಿರ ಬಂದರೆ ಪೂರ್ತಿ ತಲೆಕೆಳಗು. ದೊಡ್ಡ ಕಣ್ಣಿನ ಸೋಲ್ಜರ್ ಮೀನುಗಳಲ್ಲೂ ಕೆಲವು ಗುಹೆಯೊಳಗೆ ಹೀಗೇ ಮಾಡುತ್ತವೆ.

ಇಷ್ಟು ಹೇಳುವಷ್ಟರಲ್ಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಮೇಡಂ, ಮೀನ ಸತ್ರೂ ಹೊಟ್ಟಿ ಮ್ಯಾಲ ಮಾಡ್ತದ. ಇದು ಬದುಕ್ಯದ ಅಂತ ಹೆಂಗ ಗೊತ್ತಾಗ್ತದ?"

ಎಲ್ಲರೂ ನಕ್ಕರು, ಆದರೆ ಪ್ರಶ್ನೆ ಸರಿಯಾದದ್ದೇ. ಸತ್ತ ಮೀನು ಹೊಟ್ಟೆ ಮೇಲೆ ಮಾಡಿ ತೇಲುವುದು ಯಾಕೆ? ಬಹಳಷ್ಟು ಮೀನುಗಳ ಹೊಟ್ಟೆಯೊಳಗೆ ಒಂದು ಗಾಳಿಚೀಲ ಇರುತ್ತದೆ. ಮೈಯ ಭಾರವಾದ ಭಾಗ, ಅಂದರೆ ಬೆನ್ನೆಲುಬು ಮತ್ತು ಬೆನ್ನಿನ ಮಾಂಸ, ಆ ಚೀಲದ ಮೇಲೆ ಕೂತಿದೆ. ಭಾರ ಮೇಲೆ, ಹಗುರ ಕೆಳಗೆ. ಎತ್ತರಕ್ಕೆ ತೊಗರಿ ಮೂಟೆ ಪೇರಿಸಿದ ಎತ್ತಿನ ಗಾಡಿಯ ಹಾಗೆ, ಸ್ವಲ್ಪ ಯಾಮಾರಿದರೆ ಮಗುಚಿಕೊಳ್ಳುತ್ತದೆ. ಅದಕ್ಕೇ ಬದುಕಿರುವ ಮೀನು ನೆಟ್ಟಗೆ ನಿಲ್ಲಲು ರೆಕ್ಕೆಗಳನ್ನು ಸದಾ ಆಡಿಸುತ್ತಿರಬೇಕು. ತೊಟ್ಟಿಯಲ್ಲಿ ಸುಮ್ನೆ ನಿಂತಿದೆ ಅನ್ನಿಸುವ ಮೀನಿನ ಕೆನ್ನೆಯ ಪಕ್ಕದ ರೆಕ್ಕೆ ನೋಡಿ, ಅದು ನಿಂತಿರುವುದೇ ಇಲ್ಲ. ಗಾಳಿಚೀಲ ಕೆಟ್ಟ ಗೋಲ್ಡ್‌ಫಿಶ್ ಕೂಡ ತಲೆಕೆಳಗಾಗುತ್ತದೆ, ಆದರೆ ಅದು ಒದ್ದಾಡುತ್ತದೆ, ಕೆಳಗೆ ಇಳಿಯಲು ಹೋದರೂ ಬೆಂಡಿನಂತೆ ಮೇಲೆ ಬರುತ್ತದೆ. ಗುಹೆಯ ಗ್ರಾಮಾ ಹಾಗಲ್ಲ. ಬೇಕೆಂದಾಗ ತಿರುಗುತ್ತದೆ, ಬೇಕೆಂದಾಗ ನೆಟ್ಟಗಾಗುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ.

ಹಾಗಾದರೆ ಮೀನಿಗೆ ಮೇಲು ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗುವುದು ಹೇಗೆ?

ಒಂದು, ಕಿವಿಯೊಳಗಿನ ಕಲ್ಲು. ಮೀನಿನ ತಲೆಯ ಎರಡೂ ಬದಿಯ ಒಳಗಿವಿಯಲ್ಲಿ ಮೂರು ಮೂರು ಸಣ್ಣ ಕಲ್ಲುಗಳಿವೆ, ಸುಣ್ಣದವು. ಮೀನುಗಾರಿಕೆ ಇಲಾಖೆಯವರು ಇವನ್ನು ಸೀಳಿ, ಒಳಗಿನ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ಕಲ್ಲು ಸೂಕ್ಷ್ಮ ಕೂದಲುಗಳ ಹಾಸಿನ ಮೇಲೆ ಕೂತಿರುತ್ತದೆ. ಮೀನು ವಾಲಿದರೆ ಕಲ್ಲು ಜಾರುತ್ತದೆ, ಕೂದಲು ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಇದು ಭೂಮಿಯ ಸೆಳೆತದ ಸುದ್ದಿ.

ಎರಡು, ಬೆಳಕು. ಹೊರಗಿನ ಕೆರೆ, ಹೊಳೆ, ಸಮುದ್ರದಲ್ಲಿ ಬೆಳಕು ಬರುವುದು ಮೇಲಿನಿಂದಲೇ. ಹಾಗಾಗಿ ಮೀನು ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಳ್ಳುತ್ತದೆ. ಜರ್ಮನಿಯ ಎರಿಕ್ ಫಾನ್ ಹೋಲ್ಸ್ಟ್ 1935ರಲ್ಲಿ ಇದನ್ನು ಬರೆದರು, ಆಮೇಲೆ ವರ್ಷಗಟ್ಟಲೆ ಅದೇ ಕೆಲಸ ಮಾಡಿದರು. ಅವರ ಒಂದು ಪ್ರಯೋಗವನ್ನು ಇಲ್ಲೇ ಮಾಡಿ ತೋರಿಸಬಹುದು ಅಂತ ಗಾಜಿನ ತೊಟ್ಟಿ ತಂದಿದ್ದೆ. ಒಳಗೆ ಕಲಬುರಗಿಯ ಮೀನಿನ ಅಂಗಡಿಯಿಂದ ತಂದ ಒಂದು ಏಂಜೆಲ್ ಮೀನು. ತಟ್ಟೆಯಂತೆ ಚಪ್ಪಟೆ, ಮೇಲೆ ಕೆಳಗೆ ಉದ್ದ ರೆಕ್ಕೆ. ಸ್ವಲ್ಪ ವಾಲಿದರೂ ದೂರದಿಂದಲೇ ಕಾಣುತ್ತದೆ, ಅದಕ್ಕೇ ಇದು.

ಕಿಟಕಿಗಳ ಪರದೆ ಎಳೆಸಿದೆವು. ಟ್ಯೂಬ್‌ಲೈಟ್ ಆರಿಸಿದೆವು. ತೊಟ್ಟಿಯ ಬಲಗಡೆ, ಗಾಜಿಗೆ ತಾಗಿಸಿ ಮೊಬೈಲಿನ ಟಾರ್ಚ್ ಹಿಡಿದೆ. ಮೀನು ಮೊದಲು ಮೂಲೆಗೆ ಸರಿಯಿತು. ಗಾಬರಿ. ಎರಡು ಮೂರು ನಿಮಿಷ ಯಾರೂ ಮಾತಾಡಲಿಲ್ಲ, ಅದೇ ದೊಡ್ಡ ವಿಷಯ. ಆಮೇಲೆ ಅದು ನಡುವಿಗೆ ಬಂತು, ಬೆನ್ನಿನ ಉದ್ದ ರೆಕ್ಕೆ ನಿಧಾನಕ್ಕೆ ಟಾರ್ಚಿನ ಕಡೆ ಬಾಗಿತು. ಇಡೀ ಮೀನು ವಾಲಿಕೊಂಡೇ ನಿಂತಿತು, ಎದೆಯ ರೆಕ್ಕೆ ಎರಡೂ ಬೇರೆ ಬೇರೆ ಲಯದಲ್ಲಿ ಆಡುತ್ತಿದ್ದವು. ಟಾರ್ಚನ್ನು ಎಡಗಡೆಗೆ ಒಯ್ದೆ. ಸ್ವಲ್ಪ ಹೊತ್ತಿನಲ್ಲಿ ಅತ್ತ ವಾಲಿತು. ಮುಂದಿನ ಸಾಲಿನ ಹುಡುಗಿಯರು ಎದ್ದು ಹತ್ತಿರ ಬಂದರು. ಅವರಲ್ಲಿ ಒಬ್ಬಳು ಟಾರ್ಚನ್ನು ತೊಟ್ಟಿಯ ತಳಕ್ಕೆ ಹಿಡಿಯೋಣ ಅಂದಳು. ಹಿಡಿದೆವು. ಮೀನು ಮಗುಚಲಿಲ್ಲ. ನೆಟ್ಟಗೇ ಇತ್ತು, ಆದರೆ ಚಡಪಡಿಸುತ್ತಿತ್ತು.

ಈ ಎರಡು ಫಲಿತಾಂಶವನ್ನೂ ಒಟ್ಟಿಗೆ ಇಟ್ಟು ನೋಡಿ. ಬೆಳಕು ಪಕ್ಕದಿಂದ ಬಂದಾಗ ಮೀನು ಪೂರ್ತಿ ಪಕ್ಕಕ್ಕೆ ಮಲಗಲಿಲ್ಲ, ಪೂರ್ತಿ ನೆಟ್ಟಗೂ ಇರಲಿಲ್ಲ. ಕಿವಿಗಲ್ಲು ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಮೀನು ನಡುವೆ ರಾಜಿ ಮಾಡಿಕೊಳ್ಳುತ್ತದೆ. ಫಾನ್ ಹೋಲ್ಸ್ಟ್ ಮೀನಿನ ತೊಟ್ಟಿಯನ್ನು ತಿರುಗುವ ಯಂತ್ರದಲ್ಲಿಟ್ಟು ಸೆಳೆತ ಹೆಚ್ಚಿಸಿ ನೋಡಿದರು. ಸೆಳೆತ ಜಾಸ್ತಿಯಾದಷ್ಟೂ ಮೀನು ಬೆಳಕಿನ ಕಡೆ ವಾಲುವುದು ಕಡಿಮೆಯಾಯಿತು. ಒಳಗಿವಿಯ ಸಮತೋಲದ ಅಂಗ ತೆಗೆದ ಮೀನು ಬೆಳಕು ಹೇಳಿದಂತೆಯೇ ಕೇಳಿತು. ಕೆಳಗಿನಿಂದ ದೀಪ ಹಿಡಿದರೆ ತಲೆಕೆಳಗಾಯಿತು.

ಸೆಳೆತವೇ ಇಲ್ಲದಿದ್ದರೆ? ಅದನ್ನೂ ನೋಡಿದ್ದಾರೆ. 1973ರಲ್ಲಿ ಸ್ಕೈಲ್ಯಾಬ್ ಎಂಬ ಅಮೆರಿಕದ ಬಾಹ್ಯಾಕಾಶ ನಿಲ್ದಾಣಕ್ಕೆ ಮಮ್ಮಿಚಾಗ್ ಎಂಬ ಸಣ್ಣ ಮೀನುಗಳನ್ನೂ ಅದರ ಮೊಟ್ಟೆಗಳನ್ನೂ ಕಳಿಸಿದ್ದರು. ಮೊದಮೊದಲು ಆ ಮೀನುಗಳು ಗಿರಗಿರನೆ ಸುತ್ತು ಹೊಡೆದವು. ಕಿವಿಗಲ್ಲಿನಿಂದ ಸುದ್ದಿಯೇ ಇಲ್ಲ. ಕೆಲವು ವಾರಗಳಲ್ಲಿ ಸುಧಾರಿಸಿಕೊಂಡು, ದೀಪದ ಕಡೆ ಬೆನ್ನು ಮಾಡಿ ಈಜತೊಡಗಿದವು. ಅಲ್ಲೇ ಮೊಟ್ಟೆ ಒಡೆದು ಬಂದ ಮರಿಗಳು ಮಾತ್ರ ಮೊದಲ ದಿನದಿಂದಲೇ ಸರಿಯಾಗಿ ಈಜಿದವು. ಭೂಮಿಯನ್ನೇ ಕಾಣದ ಮರಿಗೆ ದೀಪ ಇದ್ದ ಕಡೆಯೇ ಆಕಾಶ, ಅಲ್ವಾ?

ಈಗ ಗುಹೆಗೆ ಬನ್ನಿ. ಗುಹೆಯಲ್ಲಿ ಬೆಳಕು ಮೇಲಿನಿಂದ ಬರಲು ಸಾಧ್ಯವೇ ಇಲ್ಲ, ಮೇಲೆ ಕಲ್ಲಿದೆ. ನಮ್ಮ ನೌಬಾದಿನ ಸುರಂಗ ಬಾವಿಯನ್ನೇ ತೆಗೆದುಕೊಳ್ಳಿ. ಬಹಮನಿ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ನೆಲದಡಿ ಕೊರೆದ ಕರೇಜ್ ಅದು. ಅಲ್ಲಲ್ಲಿ ಮೇಲಿನಿಂದ ಕಿಂಡಿ ಬಾವಿಗಳು. ಕಿಂಡಿಯ ಕೆಳಗೆ ನಿಂತರೆ ಬೆಳಕು ನೆತ್ತಿಯ ಮೇಲೆ ಬೀಳುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಅದೇ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಸಮುದ್ರದ ಗುಹೆಯಲ್ಲೂ ಇಷ್ಟೇ. ಬಾಯಿಯಿಂದ ಒಳನುಗ್ಗಿದ ಬೆಳಕು ಬಿಳಿ ಮರಳಿನ ನೆಲಕ್ಕೆ ಬಡಿದು ಛಾವಣಿಯತ್ತ ಪುಟಿಯುತ್ತದೆ. ಛಾವಣಿಯ ಹತ್ತಿರ ಇರುವ ಮೀನಿಗೆ ಬೆಳಕು ಕೆಳಗಿನಿಂದ. ಬೆನ್ನನ್ನು ಬೆಳಕಿಗೆ ಕೊಡಬೇಕು ಎಂಬ ಹಟದ ಮೀನಿಗೆ ಮಗುಚಿಕೊಳ್ಳಲು ಒಂದು ಕಾರಣ ಸಿಕ್ಕಿತು.

ಆದರೆ ಅದೊಂದೇ ಸಾಲದು. ನಮ್ಮ ಏಂಜೆಲ್ ಮೀನು ತಳದ ಬೆಳಕಿಗೆ ಮಗುಚಲಿಲ್ಲವಲ್ಲ. ಇಲ್ಲಿ ಮೂರನೆಯದು ಬರುತ್ತದೆ: ಹತ್ತಿರದ ಕಲ್ಲು. 1976ರಲ್ಲಿ ಮೇಯರ್, ಹೈಲಿಗೆನ್‌ಬರ್ಗ್, ಬುಲ್ಲಾಕ್ ಎಂಬ ಮೂವರು ವಿಜ್ಞಾನಿಗಳು ಮೀನುಗಳು ಹತ್ತಿರದ ಗಟ್ಟಿ ಮೇಲ್ಮೈಯ ಕಡೆಗೆ ಹೊಟ್ಟೆ ತಿರುಗಿಸಿಕೊಳ್ಳುವ ಗುಣವನ್ನು ಗುರುತಿಸಿ ಬರೆದರು. ನೆಲ ಇದ್ದರೆ ನೆಲಕ್ಕೆ, ಗೋಡೆ ಇದ್ದರೆ ಗೋಡೆಗೆ. ಛಾವಣಿ ಹತ್ತಿರ ಇದ್ದರೆ ಹೊಟ್ಟೆ ಛಾವಣಿಗೆ. ಗುಹೆಯಲ್ಲಿ ಕಲ್ಲೂ ಬೆಳಕೂ ಒಂದೇ ಮಾತು ಹೇಳುತ್ತವೆ, ಕಿವಿಗಲ್ಲು ಒಂಟಿಯಾಗುತ್ತದೆ. ಎರಡು ಮಾತಿನ ಎದುರು ಒಂದು. ಗ್ರಾಮಾ ತಿರುಗಿಕೊಳ್ಳುತ್ತದೆ. ಗೋಡೆಯೇ ಅದರ ನೆಲ. ಕಚ್ಚಲು ಬರುವ ದೊಡ್ಡ ಮೀನು ಬಂದರೆ ಓಡಿ ಸೇರಿಕೊಳ್ಳುವ ಬಿರುಕು ಇರುವುದೂ ಆ ಕಲ್ಲಿನಲ್ಲೇ.

ದೊಡ್ಡದಾದ ಮೇಲೆ ಹೆಚ್ಚು ಹೊತ್ತು ಹೀಗೇ ಇರುವ ಮೀನೂ ಇದೆ. ಆಫ್ರಿಕಾದ ಕಾಂಗೋ ನದಿಯ ಸಿನೊಡಾಂಟಿಸ್ ನೈಗ್ರಿವೆಂಟ್ರಿಸ್, ಮೀಸೆ ಮೀನಿನ ಜಾತಿ. ಅಂಗಡಿಯಲ್ಲಿ 'ಅಪ್‌ಸೈಡ್ ಡೌನ್ ಕ್ಯಾಟ್‌ಫಿಶ್' ಅಂತ ಕೇಳಿದರೆ ಕೊಡುತ್ತಾರೆ. ಸಾಮಾನ್ಯವಾಗಿ ಮೀನಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಇದರದ್ದು ಉಲ್ಟಾ, ಹೊಟ್ಟೆಯೇ ಹೆಚ್ಚು ಕಪ್ಪು. ಮರಿಗಳು ಮೊದಮೊದಲು ಎಲ್ಲರಂತೆ ನೆಟ್ಟಗೆ ಈಜಿ, ಬೆಳೆಯುತ್ತ ತಿರುಗಿಕೊಳ್ಳುತ್ತವೆ. ಲಾಭ ಏನು ಅಂದರೆ ಬಾಯಿ. ಈ ಬಳಗದ ಮೀಸೆ ಮೀನುಗಳ ಬಾಯಿ ತಲೆಯ ಕೆಳಬದಿಗಿರುತ್ತದೆ. ತಲೆಕೆಳಗಾದರೆ ಎಲೆಯಡಿಯ, ನೀರಿನ ಮೇಲ್ಪದರದ ಹುಳ ಸುಲಭವಾಗಿ ಸಿಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮೇಲ್ಪದರದ ನೀರನ್ನು ಹೀರಲೂ ಅನುಕೂಲ. ಪ್ರಾಚೀನ ಈಜಿಪ್ಟಿನ ಗೋರಿಗಳ ಗೋಡೆಯ ಕೆತ್ತನೆಯಲ್ಲೂ ಈ ಬಳಗದ ಮೀನನ್ನು ತಲೆಕೆಳಗಾಗಿಯೇ ಕೆತ್ತಿದ್ದಾರೆ. ಆ ಶಿಲ್ಪಿ ನೈಲ್ ದಂಡೆಯಲ್ಲಿ ಕೂತು ಸರಿಯಾಗಿ ನೋಡಿದ್ದಾನೆ!

ಇಲ್ಲಿಯವರೆಗೆ ಹೇಳಿದ್ದರಲ್ಲಿ ನನ್ನ ತಲೆ ಕೊರೆಯುವ ವಿಷಯ ಒಂದಿದೆ. ಬೆಳಕು ಮೀನನ್ನು ಇಷ್ಟು ಆಡಿಸುವುದಾದರೆ, ಡೈವರ್ ಕೈಯಲ್ಲಿರುವ ಟಾರ್ಚ್ ಏನು ಮಾಡುತ್ತಿದೆ? ಅವನು ನೋಡುತ್ತಿರುವುದು ಮೀನಿನ ನಿಜವಾದ ನಡೆಯೋ, ತನ್ನ ದೀಪಕ್ಕೆ ಅದು ಕೊಟ್ಟ ಉತ್ತರವೋ?

ಮೆಕ್ಸಿಕೋದ ಯುಕಾಟಾನ್‌ನಲ್ಲಿ ಸೆನೋಟೆ ಅನ್ನುವ ಸುಣ್ಣಕಲ್ಲಿನ ಹೊಂಡಗಳಿವೆ. ಅವುಗಳ ಬುಡದಿಂದ ನೀರು ತುಂಬಿದ ಗುಹೆಗಳು ಮೈಲುಗಟ್ಟಲೆ ಹೋಗುತ್ತವೆ. ಹೊಂಡದ ಬಾಯಲ್ಲಿ ಟೆಟ್ರಾ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನುಗಳ ಹಿಂಡು. ಅಲ್ಲಿಗೆ ಇಳಿಯುವ ಡೈವರ್‌ಗಳು ಹೇಳುವ ಮಾತು: ಈ ಟೆಟ್ರಾಗಳು ಹಿಂದೆಯೇ ಬರುತ್ತವೆ. ಕತ್ತಲೊಳಗೆ ತಾವಾಗಿ ಹೋಗದ ಮೀನು, ಟಾರ್ಚಿನ ಬೆಳಕಿನಲ್ಲಿ ಒಳಗೆ ಬಂದು, ಬೆಳಕಿಗೆ ಕಂಡ ಸಣ್ಣ ಜೀವಿಗಳನ್ನು ಗುಳುಂ ಮಾಡುತ್ತವೆ. ಕೆರಿಬಿಯನ್ನಿನ ಬೊನೇರ್ ದ್ವೀಪದಲ್ಲಿ ರಾತ್ರಿ ಇಳಿಯುವವರಿಗೆ ಟಾರ್ಪನ್ ಎಂಬ ಆಳುದ್ದದ ಮೀನು ಜೊತೆಯಾಗುತ್ತದೆ. ಯಾವ ಮೀನಿನ ಮೇಲೆ ದೀಪ ನಿಲ್ಲಿಸಿದರೋ ಅದನ್ನು ಹೊಡೆಯುತ್ತದೆ. ಅಲ್ಲಿನ ಮಾರ್ಗದರ್ಶಿಗಳು ಮೊದಲೇ ಎಚ್ಚರಿಸುತ್ತಾರೆ, ಚೆಂದ ಕಂಡ ಮೀನಿನ ಮೇಲೆ ಜಾಸ್ತಿ ಹೊತ್ತು ದೀಪ ಇಡಬೇಡಿ ಅಂತ. ದೀಪ ಮಾತ್ರವಲ್ಲ, ಉಸಿರು ಬಿಟ್ಟಾಗ ಏಳುವ ಗುಳ್ಳೆಗಳ ಗದ್ದಲವೂ ಇದೆ. ಗುಳ್ಳೆ ಬಿಡದ ರೀಬ್ರೀದರ್ ಉಪಕರಣ ಹಾಕಿಕೊಂಡವರ ಹತ್ತಿರಕ್ಕೆ ಮೀನುಗಳು ಹೆಚ್ಚು ಸಲೀಸಾಗಿ ಬರುತ್ತವೆ. ಸಂಶೋಧಕರು ಈಗ ಕಣ್ಣಿಗೆ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯುವ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ಹಿಂದೆ ಸರಿಯುವುದು ಇದಕ್ಕೇ. ಡೈವರ್ ಒಬ್ಬರು 'ಮೀನು ವಿಚಿತ್ರವಾಗಿ ವರ್ತಿಸಿತು' ಅಂದರೆ ನಾನು ಮೊದಲು ಕೇಳುವ ಪ್ರಶ್ನೆ: ದೀಪ ಎಲ್ಲಿ ಹಿಡಿದಿದ್ದಿರಿ?

ದೀಪಕ್ಕೆ ಸೊಪ್ಪು ಹಾಕದ ಮೀನೂ ಇದೆ, ಅದು ಹುಟ್ಟು ಕುರುಡು. ಅದೇ ಟೆಟ್ರಾ ಬಳಗದ್ದೇ. ಉತ್ತರ ಮೆಕ್ಸಿಕೋದ ಸುಮಾರು 30 ಗುಹೆಗಳಲ್ಲಿ ಈ ಕುರುಡು ಟೆಟ್ರಾ ಇದೆ, 1936ರಲ್ಲಿ ಮೊದಲು ವಿವರಿಸಿದ್ದು. ಮೈ ನಸುಗೆಂಪು, ಕಣ್ಣಿನ ಜಾಗದಲ್ಲಿ ಚರ್ಮ. ಮೊಟ್ಟೆಯೊಳಗೆ ಕಣ್ಣು ಮೂಡಲು ಶುರುವಾಗಿ ಆಮೇಲೆ ನಶಿಸುತ್ತದೆ. ಬೇರೆ ಬೇರೆ ಗುಹೆಯ ಕುರುಡು ಮೀನುಗಳನ್ನು ಕೂಡಿಸಿದರೆ ಕೆಲವು ಮರಿಗಳಿಗೆ ಕಣ್ಣು ಕಾಣುತ್ತದೆ, ಯಾಕೆಂದರೆ ಒಂದೊಂದು ಗುಹೆಯಲ್ಲಿ ಕೆಟ್ಟಿರುವ ಜೀನ್ ಬೇರೆ. ಇದು 2008ರ ಸಂಶೋಧನೆ, ಕೇಳಿದಾಗ ನನಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಈ ಮೀನಿನ ನಡೆ ನೋಡಬೇಕು. ಹಿಂಡು ಕಟ್ಟುವುದಿಲ್ಲ. ಹೊರಗಿನ ಬಂಧುಗಳಂತೆ ಜಗಳವಾಡುವುದಿಲ್ಲ. ನಿದ್ದೆ ಬಹಳ ಕಡಿಮೆ. ಗೋಡೆಯ ಪಕ್ಕ ಪಕ್ಕ ಸುತ್ತುತ್ತದೆ. ತೊಟ್ಟಿಯಲ್ಲಿ ಹೊಸ ಕಲ್ಲೊಂದನ್ನು ಇಟ್ಟರೆ ಅದರ ಪಕ್ಕದಲ್ಲಿ ಜೋರಾಗಿ ಹಾದುಹೋಗುತ್ತದೆ, ಮತ್ತೆ ತಿರುಗಿ ಬಂದು ಹಾಯುತ್ತದೆ. ಮೀನಿನ ಮೈ ನೀರನ್ನು ತಳ್ಳುತ್ತದೆ, ಆ ನೀರು ಕಲ್ಲಿಗೆ ತಾಗಿ ಬದಲಾಗುತ್ತದೆ, ಆ ಬದಲಾವಣೆಯನ್ನು ಮೈಯುದ್ದಕ್ಕೂ ಇರುವ ಪಾರ್ಶ್ವ ರೇಖೆಯ ಸಂವೇದಕಗಳು ಹಿಡಿಯುತ್ತವೆ. ಜೋರಾಗಿ ಹೋದರೆ ಸುದ್ದಿ ಸ್ಪಷ್ಟ. ನೀರಿನಲ್ಲಿ ಏನಾದರೂ ನಡುಗಿದರೆ, ಅದರಲ್ಲೂ ಸೆಕೆಂಡಿಗೆ 35ರಷ್ಟು ಸಲ ನಡುಗಿದರೆ, ಓಡಿ ಬರುತ್ತದೆ. ಕತ್ತಲಲ್ಲಿ ನಡುಗುವುದು ಅಂದರೆ ಊಟ. ಗುಹೆಯಲ್ಲಿ ಅದನ್ನು ತಿನ್ನುವ ದೊಡ್ಡ ಮೀನು ಇಲ್ಲವಾದ್ದರಿಂದ ಹೆದರಬೇಕಾದ್ದೂ ಇಲ್ಲ.

ಮೇಘಾಲಯದ ಜೈಂತಿಯಾ ಬೆಟ್ಟದ ಉಮ್ ಲಾಡಾವ್ ಗುಹೆಯಲ್ಲಿ 2019ರಲ್ಲಿ ಜಗತ್ತಿನ ಅತಿ ದೊಡ್ಡ ಗುಹಾಮೀನು ಸಿಕ್ಕಿತು, 40 ಸೆಂಟಿಮೀಟರ್ ಮೀರಿದ ಬಿಳಿಚು ಮೀನು. 2023ರಲ್ಲಿ ನಿಯೋಲಿಸ್ಸೋಕೈಲಸ್ ಪ್ನಾರ್ ಅಂತ ಹೆಸರಿಟ್ಟರು. ನೋಡಲು ಹೋದವರು ನೀರಿಗೆ ಬಿಸ್ಕತ್ತು ಹಾಕಿದಾಗ ಅವು ಮುತ್ತಿಕೊಂಡವಂತೆ. ಯುರೋಪಿನಲ್ಲಿ ಗುಹಾಮೀನು ಇಲ್ಲವೇ ಇಲ್ಲ ಅಂತಿದ್ದರು. 2015ರಲ್ಲಿ ಜರ್ಮನಿಯ ಡ್ಯಾನ್ಯೂಬ್ ನದಿ ನೆಲದಡಿ ಹರಿಯುವ ಕಡೆ ಯೋವಾಖಿಮ್ ಕ್ರೈಸಲ್‌ಮಾಯರ್ ಎಂಬ ಗುಹಾ ಡೈವರ್ ಒಂದು ಬಿಳಿಚು ಲೋಚ್ ಮೀನು ಕಂಡರು. ಫೋಟೊ ತೆಗೆದರು. ಅದು ಅಪರೂಪದ್ದು ಅಂತ ಗೊತ್ತಾದದ್ದು ಜೀವಶಾಸ್ತ್ರದವರು ನೋಡಿದ ಮೇಲೆ. ಹಿಮಯುಗ ಮುಗಿದ ನಂತರ, 20,000 ವರ್ಷದೊಳಗೆ, ಅದು ಹೊರಗಿನ ಬಂಧುಗಳಿಂದ ಬೇರೆಯಾದ ಮೀನು. ಅಷ್ಟು ಬೇಗ!

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. "ಮೇಡಂ, ನಮ್ಮ ಸುರಂಗ ಬಾವ್ಯಾಗ ಇಂಥ ಕುರುಡ ಮೀನ ಇರಬಹುದೇನ್ರಿ?"

ಈ ಪ್ರಶ್ನೆಗೆ ಕೇರಳದ ಕಥೆಯಿಂದ ಉತ್ತರ ಶುರುಮಾಡಬೇಕು. ಅಲ್ಲಿಯೂ ನಮ್ಮಲ್ಲಿಯಂತೆ ಜಂಬಿಟ್ಟಿಗೆ ಕಲ್ಲು. ತೂತು ತೂತಾದ ಕಲ್ಲು, ನೀರು ಒಳಗೆ ಓಡಾಡುತ್ತದೆ. ಆ ನೀರಿನಲ್ಲಿ ಕಣ್ಣಿಲ್ಲದ, ಕೆಂಪಗಿನ, ಕಿರುಬೆರಳಿಗಿಂತ ಚಿಕ್ಕ ಮೀನು ಇದೆ ಅಂತ 1950ರಲ್ಲೇ ಗೊತ್ತಾಗಿತ್ತು, ಹೊರಗ್ಲಾನಿಸ್ ಅಂತ ಹೆಸರು. ಆಮೇಲೆ 2011ರಲ್ಲಿ, 2019ರಲ್ಲಿ, 2022ರಲ್ಲಿ ನೆಲದಡಿಯ ಬೇರೆ ಬೇರೆ ಬಳಗದ ಹೊಸ ಮೀನುಗಳೂ ಬಂದವು. ಇವುಗಳನ್ನು ಹುಡುಕಿದ್ದು ಬಹುಪಾಲು ಮನೆಯವರೇ. ಬಾವಿ ತೊಳೆಯುವಾಗ, ನಲ್ಲಿ ತಿರುಗಿಸಿದಾಗ, ಸ್ನಾನಕ್ಕೆ ಹಿಡಿದ ಬಕೆಟ್ಟಿನಲ್ಲಿ ಕಂಡದ್ದನ್ನು ಚೆಲ್ಲದೆ ತಿಳಿದವರಿಗೆ ಕೊಟ್ಟರು. 2023ರಲ್ಲಿ ವಿವರಿಸಿದ ಒಂದು ಜಾತಿಗೆ ಆ ಜನಸಾಮಾನ್ಯರ ಗೌರವಕ್ಕೆಂದೇ ಹೊರಗ್ಲಾನಿಸ್ ಪಾಪ್ಯುಲಿ ಅಂತ ಹೆಸರಿಟ್ಟಿದ್ದಾರೆ.

ಆದರೆ ಕಲ್ಲು ಒಂದೇ ಆದರೆ ಸಾಲದು. ಕೇರಳದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ನೆಲದಡಿಯ ಮೀನಿಗೆ ಬೇಸಿಗೆಯಲ್ಲೂ ಬತ್ತದ ನೀರು ಬೇಕು, ಸಾವಿರಾರು ವರ್ಷ ಬತ್ತದ್ದು. ಹೂಳು ತುಂಬಿದ ಸುರಂಗದಲ್ಲಿ ಅಂಥ ಆಸೆ ನಾನು ಜಾಸ್ತಿ ಇಟ್ಟುಕೊಂಡಿಲ್ಲ. ನಮ್ಮ ತೆರೆದ ಬಾವಿಗಳಲ್ಲಿ ಕಾಣುವ ಸಣ್ಣ ಮೀನು ಹೆಚ್ಚಾಗಿ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಟ್ಟ ಗಪ್ಪಿ, ಗಂಬೂಸಿಯಾ. ಅವಕ್ಕೆ ಕಣ್ಣು ಚೆನ್ನಾಗಿದೆ, ಮೇಲ್ಪದರದಲ್ಲೇ ಇರುತ್ತವೆ.

ಆದರೂ, ಬಾವಿಯ ಹೂಳು ತೆಗೆಯುವಾಗ ಅಥವಾ ಬೋರ್‌ವೆಲ್ ನೀರಿನಲ್ಲಿ ಬಣ್ಣವಿಲ್ಲದ, ಎರೆಹುಳದಂಥ, ರೆಕ್ಕೆಯೋ ಮೀಸೆಯೋ ಇರುವ ಜೀವಿ ಬಂದರೆ ನಲ್ಲಿ ನೀರಿಗೆ ಹಾಕಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಅದೇ ಬಾವಿಯ ನೀರನ್ನು ಅಗಲ ಬಾಯಿಯ ಡಬ್ಬಿಗೆ ಅರ್ಧ ತುಂಬಿ, ಮೀನು ಬಿಟ್ಟು, ಒದ್ದೆ ಗೋಣಿ ಸುತ್ತಿ ನೆರಳಲ್ಲಿಡಿ. ಬಿಸಿಲಿಗೆ ಇಟ್ಟರೆ ಒಂದು ಗಂಟೆಯೂ ಬಾಳದು. ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ, ಅಳತೆ ಗೊತ್ತಾಗಲಿ. ಯಾವ ಬಾವಿ, ಎಷ್ಟು ಆಳ, ಯಾವ ದಿನ ಅಂತ ಒಂದು ಚೀಟಿ ಬರೆದು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತನ್ನಿ. ಭಾನುವಾರವಾದರೂ ಪರವಾಗಿಲ್ಲ, ನಮ್ಮ ಕಾಲೇಜಿಗೆ ತಂದರೆ ಗೇಟಿನ ಹತ್ತಿರ ಫೋನ್ ಮಾಡಿಸಿ, ನಾನು ಬರುತ್ತೇನೆ.